ಅಥೆನ್ಸಿನಲ್ಲಿ ಎಡಕ್ಕೆ ತಿರುಗಿದ ಕೀರ್ತಿಸೇನ

ಅಥೆನ್ಸ್, ಗ್ರೀಸ್ ದೇಶ
7 ಅಕ್ಟೋಬರ್ 2024, ಸೋಮವಾರ

ದೇವಯ್ಯಾ,

ನಾನು ಕ್ಷೇಮ. ನಿನ್ನ ಕ್ಷೇಮ ವಿಚಾರಿಸುವಷ್ಟು ಕೋಪ ಇನ್ನೂ ಇಳಿದಿಲ್ಲ. ಆದ್ದರಿಂದ ನಿನ್ನನ್ನು ಕಟ್ಟಿಕೊಂಡ ಮಾರಕ್ಕ ಹೇಗಿದ್ದಾರೆ ಎಂದಷ್ಟೇ ಕೇಳುತ್ತೇನೆ.

ಮರೆತಿದ್ದೇನೆ ಎಂದುಕೊಂಡೆಯಾ? ಆಗಸ್ಟ್ ಇಪ್ಪತ್ತೈದು, ಚಾಮರಾಜಪೇಟೆ ಐದನೇ ಮೇನಿನ ಶಾಲೆಯ ಹಾಲ್, ನಮ್ಮ ‘ರಣಧೀರ ಕೀರ್ತಿಸೇನ’ದ ರಿಹರ್ಸಲ್. ನಾನು ಒಂದು ಮಾತಿನಲ್ಲಿ ಅರೆಕ್ಷಣ ತಡೆದೆ, ಅಷ್ಟೆ. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಕೂತ ಪ್ರಾಂಪ್ಟರ್ ನೀನು, ಪಿಸುಗುಟ್ಟಬೇಕಾದ ಮಾತನ್ನು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವನ ಹಾಗೆ ಕೂಗಿದೆ! ಕಾರ್ಯದರ್ಶಿ ವಂಶಿ ನಕ್ಕ. ಹುಡುಗಿಯರು ನಕ್ಕರು. ಗೇಟಿನಾಚೆ ಕಡಲೆಕಾಯಿ ಹುರಿಯುತ್ತಿದ್ದವನೂ ತಿರುಗಿ ನೋಡಿದ. ನಲವತ್ತಮೂರು ವರ್ಷ ನನ್ನೊಬ್ಬನ ಕಿವಿಗೆ ಬೀಳುತ್ತಿದ್ದ ದನಿ ಅಂದು ಬೀದಿಗೆ ಬಿತ್ತು. ಯಾಕೆ? ‘ಮುದುಕನಿಗೆ ಮರೆವು, ನಾನಿಲ್ಲದೆ ಇವನಿಲ್ಲ’ ಎಂದು ಹುಡುಗರ ಮುಂದೆ ತೋರಿಸಿಕೊಳ್ಳಲಿಕ್ಕೆ ತಾನೆ? ಅದಕ್ಕೇ ನಿನಗೊಂದು ಮಾತೂ ಹೇಳದೆ ವಿಮಾನ ಹತ್ತಿದೆ.

ಆದರೆ ನಿನ್ನೆಯಂಥ ದಿನವನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಕೇಳು!

ಭಾನುವಾರ ದೀಪ್ತಿಗೆ ರಜ. ಇಲ್ಲಿಯ ಮ್ಯೂಸಿಯಮ್ಮಿನಲ್ಲಿ ಹಳೇ ಕಲ್ಲುಬರಹ ಓದುವ ಮೂರು ತಿಂಗಳ ಕೆಲಸ ಅವಳದು, ಜೊತೆಗಿರುವ ಸೋದರಮಾವನ ಕೆಲಸ ನನ್ನದು. ಬೆಳಿಗ್ಗೆ ಬೀದಿಯಲ್ಲಿ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಕೊಡಿಸಿದಳು. ಕೋಡುಬಳೆಗೆ ದೊಡ್ಡಪ್ಪನಾಗಬೇಕು, ಮುಂಗೈಗೇ ತೊಡಬಹುದು. ಆಮೇಲೆ ಕಾಫಿ. ಗಸಿ ಸಮೇತ ತಂದಿಡುತ್ತಾರಯ್ಯಾ! ನಾನು ಕಡೇ ಗುಟುಕಿನವರೆಗೂ ಬಿಡಲಿಲ್ಲ. “ಅಯ್ಯೋ ಮಾವ, ಅದನ್ನ ಲೋಟದಲ್ಲೇ ಬಿಡ್ಬೇಕು, ಕುಡೀಬಾರ್ದು!” ಅಂದಳು. ಹಲ್ಲೆಲ್ಲ ಕಪ್ಪು. ರಾಕ್ಷಸನ ಪಾತ್ರಕ್ಕೆ ಮೇಕಪ್ಪಿನವನೇ ಬೇಡ.

ಹನ್ನೊಂದು ಗಂಟೆಗೆ ಅವರ ಶಾಸನಸಭೆಯ ಮುಂದೆ ಸಿಪಾಯಿಗಳ ಪಾಳಿ ಬದಲಾಗುವುದನ್ನು ನೋಡಿದೆವು. ಆರಾರು ಅಡಿ ಆಳುಗಳು. ಸೊಂಟಕ್ಕೆ ನೂರಾರು ನೆರಿಗೆಯ ಬಿಳೀ ಲಂಗ, ಜೋಡಿನ ಮೂತಿಗೆ ಚೆಂಡುಹೂವಿನ ಗಾತ್ರದ ಕರೀ ಕುಚ್ಚು! ಯಾರೂ ನಗಲಿಲ್ಲ. ಯಾಕೆ ಗೊತ್ತೆ? ಆ ನಡಿಗೆ! ಕಾಲೆತ್ತಿದರೆ ಗಾಳಿಯಲ್ಲೇ ಒಂದು ಕ್ಷಣ ನಿಲ್ಲಿಸಿ, ಇಡೀ ಊರಿನ ಉಸಿರು ಹಿಡಿಸಿ, ಆಮೇಲೆ ಇಳಿಸುತ್ತಾರೆ. ನಮ್ಮ ನಾಟಕದ ಸಿಪಾಯಿಗಳು ಎಂದಾದರೂ ಹೀಗೆ ನಡೆದರೆ ರಾಜನನ್ನು ಯಾರೂ ನೋಡುವುದೇ ಇಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ಅಕ್ರೊಪೊಲಿಸ್ ಗುಡ್ಡ. ನೆತ್ತಿಯ ಮೇಲೆ ದೇಗುಲ, ಮುರಿದರೂ ಬೆನ್ನು ಬಾಗದ ಕಂಬಗಳು. ಎಲ್ಲರೂ ಅದನ್ನು ನೋಡಲು ಏರುತ್ತಾರೆ. ನಿನ್ನ ಬದರಿ ಅರ್ಧದಲ್ಲೇ ನಿಂತ! ಗುಡ್ಡದ ತೊಡೆಯ ಮೇಲೆ ಒಂದು ರಂಗಸ್ಥಳ, ದೇವಯ್ಯಾ. ಎರಡು ಸಾವಿರದ ಮುನ್ನೂರು ವರ್ಷದ ಕಲ್ಲಿನ ಮೆಟ್ಟಿಲು, ಬೀಸಣಿಗೆ ಬಿಚ್ಚಿದ ಹಾಗೆ ಮೇಲಕ್ಕೆ ಹರಡಿಕೊಂಡಿದೆ. ಈ ಜನಕ್ಕೆ ನಾಟಕಕ್ಕೆಂದೇ ಒಬ್ಬ ದೇವರಿದ್ದನಂತೆ! ಮುಂದಿನ ಸಾಲಿನ ನಟ್ಟನಡುವೆ ಆ ದೇವರ ಪೂಜಾರಿಯ ಅಮೃತಶಿಲೆಯ ಆಸನ, ಕಾಲುಗಳಿಗೆ ಸಿಂಹದ ಪಾದ. ನಟ ಬಂದು ನಿಂತರೆ ಅವನೆದುರಿಗೆ ಮೊದಲು ಸಿಗುವ ಮುಖ ಆ ಪೂಜಾರಿಯದೇ.

ನಿಂತೆ. ಸುಮ್ಮನಿರಲಾಗುತ್ತದೆಯೇ? ಎದೆ ತುಂಬ ಗಾಳಿ ತುಂಬಿಕೊಂಡು ಕೀರ್ತಿಸೇನನ ಐದನೇ ಅಂಕ ಬಿಟ್ಟೆ ನೋಡು! “ಎಲೈ ಕೋಟೆಯೇ! ನಿನ್ನ ಕಲ್ಲುಕಲ್ಲನ್ನೂ ಕಟ್ಟಿಸಿದವನು ನಾನು! ನಿನ್ನ ಬಾಗಿಲಿಗೆ ಅಗುಳಿ ಕೊಟ್ಟವನು ನಾನು! ಇಂದು ನಿನ್ನ ಹೊಸ್ತಿಲಾಚೆ ನಿಂತು ಬಾಗಿಲು ಬಡಿಯುತ್ತಿರುವವನೂ ನಾನೇ!” ಇತ್ಯಾದಿ, ಇತ್ಯಾದಿ. ಎಡಕ್ಕೆ ತಿರುಗಿದರೆ ಕಲ್ಲಿನ ಮೇಲೊಂದು ಹಳದಿ ಬೆಕ್ಕು ಕಣ್ಣುಮುಚ್ಚಿ ಕೂತಿತ್ತು, ರಸಾಸ್ವಾದನೆಯಲ್ಲಿ! ಮಾತು ಮುಗಿದಾಗ ಜಪಾನಿನವರು, ಜರ್ಮನಿಯವರು, ಯಾರ್ಯಾರೋ ಚಪ್ಪಾಳೆ. ಪ್ರಾಂಪ್ಟರ್ ಇಲ್ಲದೆ!

ಊಟ ಮೆಟ್ಟಿಲುಬೀದಿಯ ಒಂದು ಪುಟ್ಟ ಹೋಟೆಲಿನಲ್ಲಿ, ದ್ರಾಕ್ಷಿಬಳ್ಳಿಯ ಚಪ್ಪರದ ಕೆಳಗೆ. ಮಾಂಸ ತಿನ್ನದವನು ಉಪವಾಸ ಬೀಳುತ್ತೇನೆ ಎಂದುಕೊಂಡಿದ್ದೆ. ಬಂದದ್ದೇನು? ಹೊಟ್ಟೆ ಬಗೆದ ಟೊಮೇಟೊ, ಒಳಗೆ ಹದವಾಗಿ ಬೆಂದ ಅನ್ನ! ಹಿಂದೆಯೇ ಹಳದಿ ಬೇಳೆ ಬೇಯಿಸಿ ನುಣ್ಣಗೆ ಕಡೆದು, ಮೇಲೆ ಈರುಳ್ಳಿ, ನಿಂಬೆಹುಳಿ. ತೊವ್ವೆ! ಬಸವನಗುಡಿಯ ಮದುವೆಮನೆ ತೊವ್ವೆ, ಒಗ್ಗರಣೆ ಒಂದಿಲ್ಲ! ಕೊನೆಗೆ ಮುದುಕ ಯಜಮಾನ, ನಾವು ಕೇಳದೆಯೇ, ಕತ್ತರಿಸಬಹುದಾದಂಥ ಗಟ್ಟಿ ಮೊಸರಿಗೆ ಜೇನು ಸುರಿದು ತಂದಿಟ್ಟ. ಉಂಡೆದ್ದವರಿಗೆ ಹಾಗೆ ಸಿಹಿ ಕೊಡುವುದು ಇಲ್ಲಿಯ ಪದ್ಧತಿಯಂತೆ. ದೊಡ್ಡ ಜನ, ದೇವಯ್ಯಾ, ದೊಡ್ಡ ಜನ.

ಜನವರಿ ಹನ್ನೆರಡಕ್ಕೆ ನಮ್ಮ ನಾಟಕ ಸಂಘಕ್ಕೆ ಐವತ್ತು ವರ್ಷ. ಅಂದು ಕೀರ್ತಿಸೇನ ಯಾರ ಪಿಸುಮಾತಿನ ಹಂಗೂ ಇಲ್ಲದೆ ಗರ್ಜಿಸುತ್ತಾನೆ. ನೀನು ವಿಂಗಿನಲ್ಲಿ ಕೂತು ತೂಕಡಿಸಬಹುದು.

ಬದರೀನಾರಾಯಣ


ಚಾಮರಾಜಪೇಟೆ
24 ಅಕ್ಟೋಬರ್ 2024

ಬದರಿ,

ಕಾಗದ ನಿನ್ನೆ ಬಂತು. ಮೂರು ಸಲ ಓದಿದೆ. ಮಾರಕ್ಕ ಚೆನ್ನಾಗಿದ್ದಾಳೆ. ಟೊಮೇಟೊ ಒಳಗೆ ಅನ್ನ ತುಂಬಿದರೆ ಬೇಯುವಾಗ ಒಡೆಯುವುದಿಲ್ಲವೇ ಎಂದು ಕೇಳಲು ಹೇಳಿದಳು. ಮೊಮ್ಮಗಳು ಧನುಶ್ರೀ ಲಂಗದ ಸಿಪಾಯಿಗಳ ಚಿತ್ರ ಫೋನಿನಲ್ಲಿ ಹುಡುಕಿ ತೋರಿಸಿದಳು. ನೀನು ಹೇಳಿದ್ದು ಸರಿ, ನಗು ಬರಲಿಲ್ಲ. ಅವರ ಕಾಲು ನೋಡುತ್ತಾ ನಮ್ಮ ಕಾಫಿ ಆರಿತು.

ಇಷ್ಟು ವರ್ಷ ನಿನ್ನ ಬಾಯಲ್ಲಿ ಎಷ್ಟೋ ಊರು ನೋಡಿದ್ದೇನೆ. ಇದು ಎಲ್ಲಕ್ಕಿಂತ ಚೆನ್ನಾಗಿತ್ತು.

ಆದರೆ ಗೆಜೆಟ್ಟಿನ ಪ್ರೂಫ್ ತಿದ್ದುತ್ತಾ ಮೂವತ್ತೈದು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ಕಣ್ಣು ಸವೆಸಿದವನು ನಾನು. ಬಿಟ್ಟುಹೋದದ್ದು ಮೊದಲು ಕಾಣುತ್ತದೆ. ಕೋಟೆಯ ಮಾತಿನಲ್ಲಿ ಕೀರ್ತಿಸೇನ ಎಡಕ್ಕೆ ತಿರುಗುವುದಿಲ್ಲ. ಮೊದಲಿಂದ ಕೊನೆಯವರೆಗೆ ನೇರ ಬಾಗಿಲನ್ನೇ ನೋಡುತ್ತಾನೆ. ನೀನು ಎಡಕ್ಕೆ ತಿರುಗುವುದು ಒಂದೇ ಕಾರಣಕ್ಕೆ. ಅಲ್ಲಿ ನಾನು ಕೂತಿರುತ್ತೇನೆ.

ಇನ್ನೊಂದು. ಮೂರು ಸಾಲು ಬರೆದು ‘ಇತ್ಯಾದಿ’ ಅಂದಿದ್ದೀಯ. ಆ ಮಾತಿನ ಪ್ರಾಣವೇ ನಾಲ್ಕನೇ ಸಾಲು. ಅದು ಎಲ್ಲಿ? ನಾನು ಬರೆದು ಕೊಡುವುದಿಲ್ಲ.

ಆ ಬೆಕ್ಕು ಏನೂ ಹೇಳಿಕೊಡಲಿಲ್ಲ ತಾನೆ?

ಆಹ್ವಾನಪತ್ರಿಕೆಯ ಕೆಲಸ ವಂಶಿ ನನಗೇ ಹಚ್ಚಿದ್ದಾನೆ. ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಹೋಗಿ ಮೊದಲ ಪ್ರೂಫ್ ತಂದೆ. ಒಂದು ಪ್ರತಿ ಇದರ ಜೊತೆಗಿದೆ. ‘ಪ್ರಾಂಪ್ಟಿಂಗ್: ಶ್ರೀ ದೇವಯ್ಯ’ ಎಂಬ ಸಾಲು ಹೊಡೆದು ಹಾಕಿದ್ದೇನೆ. ಈ ಸಲ ನಾನು ಕೂರುವುದಿಲ್ಲ. ನಿನ್ನ ಕಿವಿಯೊಳಗೆ ಅವರೆಕಾಳಿನಷ್ಟು ಯಂತ್ರ ಇಟ್ಟು ವಂಶಿಯೇ ಹಿಂದಿನಿಂದ ಹೇಳುತ್ತಾನಂತೆ. ಅದೇ ಒಳ್ಳೆಯದು.

ಫೋನ್ ಮಾಡಬೇಡ. ನನ್ನ ಫೋನು ಸರಿಯಿಲ್ಲ. ಕಾಗದ ಬರಿ.

ದೇವಯ್ಯ


ಅಥೆನ್ಸ್
6 ನವೆಂಬರ್ 2024

ದೇವಯ್ಯನವರಿಗೆ,

ನಿಮ್ಮ ತಿದ್ದುಪಡಿ ತಲುಪಿತು. ಸಂತೋಷ.

ಮೊದಲು ಹುಡುಗರ ಮುಂದೆ ನಗೆಪಾಟಲು ಮಾಡುವುದು, ಆಮೇಲೆ ಮುದುಕನಿಗೆ ಪರೀಕ್ಷೆ ಇಡುವುದು, ಕೊನೆಗೆ ಕೈಬಿಟ್ಟು ಎದ್ದು ಹೋಗುವುದು. ಮೂರಂಕದ ನಾಟಕ ಚೆನ್ನಾಗಿ ಕಟ್ಟಿದ್ದೀರಿ! ನನಗೆ ಗೊತ್ತಿಲ್ಲವೇ? ಎಂಬತ್ತೊಂದರಲ್ಲಿ ನಿಮಗೆ ಪಾತ್ರ ಬೇಕಿತ್ತು, ಸಿಗಲಿಲ್ಲ. ಆ ಕಿಚ್ಚನ್ನು ಇಷ್ಟು ವರ್ಷ ಪುಸ್ತಕದ ಹಿಂದೆ ಮುಚ್ಚಿಟ್ಟುಕೊಂಡಿರಿ. ನನ್ನ ನಾಲಿಗೆ ಎಲ್ಲಿ ತಡವರಿಸುತ್ತದೋ ಎಂದು ಕಾದಿರಿ. ಕಾದದ್ದು ಸಿಕ್ಕಿತು.

ಕೀರ್ತಿಸೇನ ಒಬ್ಬನೇ ನಿಲ್ಲುತ್ತಾನೆ.

ಬ. ನಾ.


ಅಥೆನ್ಸ್
10 ನವೆಂಬರ್ 2024, ಭಾನುವಾರ

ದೇವಯ್ಯಾ,

ಆರನೇ ತಾರೀಖಿನದು ಕೈ ಸೇರಿದ್ದರೆ ಹರಿದು ಒಲೆಗೆ ಹಾಕು. ಪೆಟ್ಟಿಗೆಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ತೆಗೆಯಲು ನೋಡಿದೆ. ದೀಪ್ತಿ ಎಳೆದುಕೊಂಡು ಬಂದಳು. “ಮಾವ, ಇದು ಗ್ರೀಸು, ಪೊಲೀಸ್ನೋರು ಹಿಡ್ಕೊಂಡೋಗ್ತಾರೆ!”

ಎಂಬತ್ತೊಂದರ ಮಾತು ಎತ್ತಬಾರದಿತ್ತು. ಎತ್ತಿದವನು ನಾನು, ಆದ್ದರಿಂದ ಮುಗಿಸುವವನೂ ನಾನೇ. ನಿನಗೆ ಎಲ್ಲ ಪಾತ್ರದ ಎಲ್ಲ ಮಾತೂ ಬಾಯಿಪಾಠವಿತ್ತು. ಆದರೂ ಕಮಿಟಿಯವರು ನಿನ್ನನ್ನು ಜನಕ್ಕೆ ಕಾಣದ ಜಾಗದಲ್ಲಿ ಕೂರಿಸಿದರು. ಜಾತಿ ನೋಡಿಯೇ ಎಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಮಿಟಿಯಲ್ಲಿ ನಮ್ಮ ದೊಡ್ಡಪ್ಪನೇ ಇದ್ದರು. ರಂಗದ ಮೇಲೆ ಮೂರು ಬೀದಿ ಕೇಳುವ ಹಾಗೆ ಕೂಗುವ ನಾನು ಅಂದು ಬಾಯಿ ಬಿಡಲಿಲ್ಲ.

ಈಗ ಆ ಭಾನುವಾರದ ಕಥೆ. ಮೊದಲು ಬರೆದದ್ದರಲ್ಲಿ ಸುಳ್ಳಿಲ್ಲ, ಅರ್ಧವಿದೆ. ಉಳಿದರ್ಧ ಕೇಳು.

ಮೂರು ಸಾಲು ಹೇಳಿದೆ. ಕಲ್ಲು ನನ್ನ ದನಿಯನ್ನು ಎತ್ತಿ ಮೇಲಿನ ಮೆಟ್ಟಿಲಿಗೆ ಮುಟ್ಟಿಸಿತು. ಆಹಾ, ಇನ್ನೇನು ಬೇಕು ಅನ್ನುವಾಗಲೇ ಹೋಯಿತು. ನಾಲ್ಕನೇ ಸಾಲು ಇಲ್ಲ! ಇದ್ದ ಜಾಗವೇ ಇಲ್ಲ. ಗೋಡೆಯಲ್ಲಿ ಬಾಗಿಲಿದ್ದ ಕಡೆ ಗೋಡೆ. ಎಡಕ್ಕೆ ತಿರುಗಿದೆ. ನೀನು ಸರಿಯಾಗಿಯೇ ಹಿಡಿದೆ, ನಿನ್ನನ್ನೇ ಹುಡುಕಿದೆ. ಬೆಕ್ಕು ಕಣ್ಣುಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡಿತು.

ಅಷ್ಟರಲ್ಲಿ ಕಾವಲಿನ ಹೆಂಗಸು ಸೀಟಿ ಬಾಯಿಗಿಟ್ಟುಕೊಂಡು ಬಂದಳು. ಅಲ್ಲಿ ಹಾಗೆಲ್ಲ ಕೂಗುವಂತಿಲ್ಲವಂತೆ. ಆದರೆ ಊದಲಿಲ್ಲ! ನಾನು ಮಾತಿಲ್ಲದೆ ನಿಂತದ್ದನ್ನು ನೋಡಿ ಅವಳೂ ನಿಂತಳು. ಜನ ಅದನ್ನೂ ನಾಟಕವೆಂದೇ ತಿಳಿದರು.

ದೀಪ್ತಿ ಎಲ್ಲಿದ್ದಳು? ಆ ಪೂಜಾರಿಯ ಆಸನದ ಮುಂದೆ, ನೆಲದಲ್ಲಿ ಕೂತು. ಮಲ್ಲೇಶ್ವರಂ ಮನೆಯಲ್ಲಿ ನಾನು ಗಡ್ಡ ಹೆರೆಯುತ್ತಾ ಈ ಮಾತನ್ನು ಗರ್ಜಿಸುವುದನ್ನು ಕೇಳುತ್ತಲೇ ಬೆಳೆದ ಕೂಸಲ್ಲವೇ? ಕಾವಲಿನವಳ ಭಯಕ್ಕೆ ದನಿ ಎತ್ತಲಿಲ್ಲ. ಬರೀ ತುಟಿ ಆಡಿಸಿದಳು. ನಾನು ನೇರ ಅವಳ ಮುಖ ನೋಡಿದೆ. ಒಂದೊಂದೇ ಅಕ್ಷರ ಅವಳ ತುಟಿಯಿಂದ ಎದ್ದು ಬಂದು ನನ್ನ ನಾಲಿಗೆಯ ಮೇಲೆ ಕೂತಿತು:

“ಒಳಗೆ ನನ್ನ ದನಿಯ ಗುರುತು ಹಿಡಿಯುವವರು ಒಬ್ಬರಾದರೂ ಇಲ್ಲವೇ?”

ಇದೋ, ಬರೆದೆ. ಮೊದಲ ಕಾಗದದ ಹೊತ್ತಿಗೆ ಮತ್ತೆ ಹೋಗಿತ್ತು. ಅದಕ್ಕೇ ಇತ್ಯಾದಿ. ಈಗ ಅಂಗೈಯಲ್ಲಿ ಬರೆದುಕೊಂಡು ಓಡಾಡುತ್ತೇನೆ. ಸ್ನಾನ ಮಾಡಿದರೆ ಹೋಗುತ್ತದೆ, ಮತ್ತೆ ಬರೆಯುತ್ತೇನೆ.

ಚಪ್ಪಾಳೆ ನಿಜ. ಕಾವಲಿನವಳು ಸೀಟಿಯನ್ನು ಜೇಬಿಗಿಟ್ಟು ತಾನೂ ತಟ್ಟಿದಳು. ಊಟದ ಹೊತ್ತಿಗೆ ಚಮಚ ಕೆಳಗಿಟ್ಟು ಆ ಸಾಲನ್ನೇ ಮೇಜಿನ ಮೇಲೆ ಬೆರಳಿನಿಂದ ಮತ್ತೆ ಮತ್ತೆ ಬರೆಯುತ್ತಿದ್ದೆ. ಆ ಮುದುಕ ಯಜಮಾನ ಅದನ್ನು ನೋಡಿಯೇ ಜೇನುಮೊಸರಿನ ಬಟ್ಟಲನ್ನು ನನ್ನ ಕೈಗೆ ಹತ್ತಿರ ಸರಿಸಿ ಹೆಗಲು ತಟ್ಟಿ ಹೋದ. ಅಷ್ಟು ಒಳ್ಳೆಯ ದಿನ ನನ್ನ ಬಾಳಿನಲ್ಲಿ ಕಡಿಮೆ. ಅದರ ಒಳ್ಳೆಯ ಭಾಗವನ್ನೇ ನಿನ್ನಿಂದ ಮುಚ್ಚಿಟ್ಟೆನಲ್ಲ!

ನೀನು ವಿಂಗಿನಲ್ಲಿ ಇಲ್ಲದಿದ್ದರೆ ನಾನು ವೇಷ ಹಾಕುವುದಿಲ್ಲ. ಅವರೆಕಾಳು ನನ್ನ ಕಿವಿಗೆ ಬೇಡ. ಯಾಕೆ ಬಿಟ್ಟೆ, ಅದನ್ನಾದರೂ ಹೇಳು.

ನಿನ್ನ
ಬದರಿ


ಚಾಮರಾಜಪೇಟೆ
29 ನವೆಂಬರ್ 2024

ಬದರಿ,

ಎರಡೂ ಒಂದೇ ದಿನ ಬಂದವು. ಪೋಸ್ಟ್‌ಮ್ಯಾನ್ ಬೈಗುಳ ಮೇಲಿಟ್ಟು ಸಮಾಧಾನ ಕೆಳಗಿಟ್ಟು ಕೊಟ್ಟ. ಅದೇ ಕ್ರಮದಲ್ಲಿ ಓದಿದೆ.

ಎಂಬತ್ತೊಂದರದನ್ನು ನೀನು ಬರೆದೆ, ನಾನು ಓದಿದೆ. ಅಲ್ಲಿಗೆ ತೀರಿತು ಎಂದು ಹೇಳಲಾರೆ. ಬರೆದದ್ದು ಒಳ್ಳೆಯದಾಯಿತು. ಆದರೆ ನಿನ್ನ ನಾಲಿಗೆ ತಡವರಿಸಲಿ ಎಂದು ನಾನು ಒಂದು ದಿನವೂ ಕಾದವನಲ್ಲ. ಪಾತ್ರ ಸಿಗದ ಮೇಲೆ ನಾನಾಡಬೇಕಿದ್ದ ಮಾತೆಲ್ಲ ನಿನ್ನ ಬಾಯಲ್ಲಿ ಬರುತ್ತಿತ್ತು. ನೀನು ತಡವರಿಸಿದರೆ ತಪ್ಪಿದ್ದು ನಾನೇ ಅನ್ನಿಸುತ್ತಿತ್ತು.

ನಿನ್ನ ಫೋನು ಬೇಡವೆಂದದ್ದಕ್ಕೂ ವಿಂಗು ಬಿಟ್ಟದ್ದಕ್ಕೂ ಕಾರಣ ಒಂದೇ. ನನಗೆ ಕಿವಿ ಹೋಗಿದೆ. ಬಲಗಡೆಯದು ಪೂರ್ತಿ, ಎಡಗಡೆಯದು ಮುಕ್ಕಾಲು. ಎರಡು ವರ್ಷದಿಂದ ಇಳಿಯುತ್ತಾ ಬಂತು. ಮಿಷಿನ್ ಹಾಕಿ ನೋಡಿದೆ. ಅಡುಗೆಮನೆಯ ಪಾತ್ರೆ ಸಿಡಿಲಿನ ಹಾಗೆ ಬೀಳುತ್ತದೆ, ಮನುಷ್ಯರ ಮಾತು ಮಾತ್ರ ಬರುವುದಿಲ್ಲ. ಮಾರಕ್ಕನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಬೈಗುಳವಂತೂ ಬೇಗ ಅರ್ಥವಾಗುತ್ತದೆ.

ರಿಹರ್ಸಲ್ ದಿನ ನಾನು ಪಿಸುಗುಟ್ಟಿದೆ, ಬದರಿ. ಪಿಸುಗುಟ್ಟಿದೆ ಎಂದೇ ತಿಳಿದಿದ್ದೆ. ನನ್ನ ದನಿ ನನಗೇ ಕೇಳಿಸದೆ ಎಷ್ಟು ಜೋರಾಯಿತೋ ಗೊತ್ತಾಗಲಿಲ್ಲ. ಎಲ್ಲರ ಬಾಯಿ ಅಗಲವಾದದ್ದು ಕಂಡಿತು, ನಗು ಕೇಳಿಸಲಿಲ್ಲ. ನಿನ್ನ ಮುಖ ನೋಡಿದಾಗ ಏನೋ ಆಗಿದೆ ಎಂದು ತಿಳಿಯಿತು. ಮನೆಗೆ ಬಂದು ಧನುಶ್ರೀ ಚೀಟಿಯಲ್ಲಿ ಬರೆದು ತೋರಿಸಿದಳು: ‘ತಾತ, ನೀವು ಕೂಗಿಬಿಟ್ರಿ.’

ಕಿವುಡನನ್ನು ವಿಂಗಿನಲ್ಲಿ ಕೂರಿಸಿದರೆ ನಾಟಕ ಉಳಿಯುವುದಿಲ್ಲ. ನಿನಗೆ ಹೇಳಿದರೆ ನೀನು ಬಿಡುವುದಿಲ್ಲ. ಅದಕ್ಕೇ ಹೆಸರು ಹೊಡೆದೆ. ಪುಸ್ತಕ ವಂಶಿಗೆ ಕೊಟ್ಟಿದ್ದೇನೆ. ನೀನು ವೇಷ ಹಾಕಲೇಬೇಕು. ಅಂಗೈಯಲ್ಲಿ ಬರೆದುಕೊಳ್ಳಬೇಡ. ದೀಪದ ಶಾಖಕ್ಕೆ ಬೆವರಿ ಅಳಿಸಿ ಹೋಗುತ್ತದೆ.

ದೇವಯ್ಯ


ಮಲ್ಲೇಶ್ವರಂ
19 ಡಿಸೆಂಬರ್ 2024

ದೇವಯ್ಯಾ!

ಬಂದಿಳಿದೆ! ಫೋನ್ ಮಾಡಿ ಪ್ರಯೋಜನವಿಲ್ಲ. ಮೆಟ್ರೊ ಹತ್ತಿ ನಾನೇ ಬರೋಣವೆಂದರೆ, ನಿನ್ನ ಮುಂದೆ ನಿಂತು ಅಳುತ್ತೇನೆ. ಮಾರಕ್ಕನ ಎದುರಿಗೆ ಅದು ಕೀರ್ತಿಸೇನನಿಗೆ ಶೋಭೆಯಲ್ಲ. ಆದ್ದರಿಂದ ಈ ಕಾಗದವನ್ನು ದೀಪ್ತಿಯ ಕೈಯಲ್ಲಿ ಕಳಿಸಿದ್ದೇನೆ.

ಎಂಥ ಮೂರ್ಖ ನಾನು! ಎರಡು ವರ್ಷ ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದೇನೆ. ನೀನು ತಲೆಯಾಡಿಸುತ್ತಿದ್ದೆ, ನಾನು ಮಾತಾಡುತ್ತಲೇ ಇದ್ದೆ. ಕಿವಿ ಹೋದದ್ದು ನಿನಗೆ, ಕಿವುಡನಾದವನು ನಾನು.

ಈಗ ಲಕೋಟೆಯೊಳಗೆ ನೋಡು. ನೀನು ಕಳಿಸಿದ ಪ್ರೂಫ್ ಇದೆ. ಹೊಡೆದ ಹೆಸರಿನ ಕೆಳಗೆ ಚುಕ್ಕಿಚುಕ್ಕಿ ಹಾಕಿದ್ದೇನೆ, ಹದಿನಾರು ಚುಕ್ಕಿ! ಹಾಗೆ ಚುಕ್ಕಿ ಹಾಕಿದರೆ ‘ಇದನ್ನು ತೆಗೆಯಬೇಡಿ, ಇದ್ದ ಹಾಗೇ ಇರಲಿ’ ಎಂದು ಅರ್ಥ ಅಂತ ಹಿಂದೊಮ್ಮೆ ಹೇಳಿಕೊಟ್ಟವನು ನೀನೇ. ವಂಶಿಗೂ ತೋರಿಸಿಯಾಯಿತು.

ಆದರೆ ವಿಂಗು ಬೇಡ. ಮುಂದಿನ ಸಾಲು, ನಟ್ಟನಡುವೆ! ನಮ್ಮ ಅಜ್ಜನ ತೋಳುಕುರ್ಚಿ ತರಿಸುತ್ತೇನೆ. ನೀನು ಅದರಲ್ಲಿ ಕೂರುತ್ತೀಯ, ಊರೆಲ್ಲ ನೋಡುವ ಹಾಗೆ. ನಾನು ತಡೆದರೆ ನನ್ನ ಮುಖ ನಿನಗೆ ಕಾಣುತ್ತದೆ. ನೀನು ತುಟಿ ಆಡಿಸು, ದನಿ ಬೇಡ. ಅಥೆನ್ಸಿನ ಕಲ್ಲಿನ ಮೇಲೆ ಇದು ನಡೆದಿದೆ, ನಮ್ಮ ಹಾಲಿನಲ್ಲಿ ನಡೆಯದೇ?

“ಸರ್, ಅದು ಚೀಫ್ ಗೆಸ್ಟ್ ಸೋಫಾ ಹಾಕೋ ಜಾಗ” ಅಂದ ವಂಶಿ. “ಪಕ್ಕಕ್ಕೆ ಸರಿಸಪ್ಪಾ” ಅಂದೆ. “ಅವ್ರು ಬೇಜಾರು ಮಾಡ್ಕೋತಾರೆ ಸರ್.” “ಅವ್ರಿಗೆ ಒಂದು ಮಾತಾದ್ರೂ ಬಾಯಿಪಾಠ ಇದೆಯಾ? ಇದ್ರೆ ಕೂರ್ಲಿ!”

ಪುಸ್ತಕ ವಂಶಿಯ ಹತ್ತಿರವೇ ಇರಲಿ. ನಿನಗೆ ಅದು ಎಂದು ಬೇಕಿತ್ತು?

ಬದರಿ


ಚಾಮರಾಜಪೇಟೆ
13 ಜನವರಿ 2025, ಸೋಮವಾರ

ಬದರಿ,

ನಿನ್ನೆ ನಿನ್ನ ಸುತ್ತ ಜನ ಮುತ್ತಿದ್ದರು. ಎಲ್ಲರ ತುಟಿ ಒಟ್ಟಿಗೆ ಆಡುತ್ತಿತ್ತು, ನನಗೆ ಒಂದೂ ಹಿಡಿಯಲಿಲ್ಲ. ಅದಕ್ಕೆ ಎದ್ದು ಬಂದೆ. ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ.

ಮುಖ್ಯ ಅತಿಥಿಗಳು ನಾಟಕದುದ್ದಕ್ಕೂ ನನ್ನ ಬಲಗಿವಿಯಲ್ಲಿ ಏನೇನೋ ಹೇಳಿದರು. ಹೌದು ಹೌದು ಎಂದು ತಲೆಯಾಡಿಸಿದೆ. ಬಹಳ ತಿಳಿದವರು ನೀವು ಎಂದು ಹೋಗುವಾಗ ಕೈ ಮುಗಿದರಂತೆ.

ಎರಡನೇ ಅಂಕದಲ್ಲಿ ಎರಡು ಸಲ, ನಾಲ್ಕರಲ್ಲಿ ಒಂದು ಸಲ ನೀನು ನನ್ನ ತುಟಿ ನೋಡಿದೆ. ವಂಶಿಗೂ ಗೊತ್ತಾಗಲಿಲ್ಲ. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ನೀನು ಇಷ್ಟು ಚೆನ್ನಾಗಿ ಮಾಡಿಲ್ಲ. ನಿನ್ನ ಪಕ್ಕೆಯನ್ನೇ ನೋಡಿಕೊಂಡು ಬಂದವನಿಗೆ ಮೊದಲ ಸಲ ನಿನ್ನ ಪೂರ್ತಿ ಮುಖ ಕಂಡದ್ದಕ್ಕೂ ಇರಬಹುದು.

ಐದನೇ ಅಂಕ. ಕೋಟೆ. ಒಂದು, ಎರಡು, ಮೂರನೇ ಸಾಲು. ನಿಂತೆ. ನೀನು ಎಡಕ್ಕೆ ತಿರುಗಲಿಲ್ಲ. ನೇರ ನನ್ನನ್ನೇ ನೋಡಿದೆ. ನಾನು ತುಟಿ ತೆರೆದವನು ಹಾಗೇ ಮುಚ್ಚಿಕೊಂಡೆ. ನಿನ್ನ ಕಣ್ಣು ನೋಡಿಯೇ ಗೊತ್ತಾಯಿತು, ನೀನು ಮರೆತಿರಲಿಲ್ಲ. ಆಮೇಲೆ ನಿನ್ನ ಬಾಯಿಂದ ಅದು ಬಂತು. ನನ್ನ ಕಿವಿಗೆ ಸದ್ದಿಲ್ಲ, ಆದರೆ ಒಂದೊಂದು ಅಕ್ಷರವೂ ಕಂಡಿತು. ಒಳಗೆ ನನ್ನ ದನಿಯ ಗುರುತು ಹಿಡಿಯುವವರು ಒಬ್ಬರಾದರೂ ಇಲ್ಲವೇ.

ನನಗೆ ತಿಳಿಯದೆ ಕೈ ಎತ್ತಿಬಿಟ್ಟೆ.

ಮನೆಗೆ ಬಂದ ಮೇಲೆ ಮಾರಕ್ಕ ಮುಖದ ಮುಂದೆ ನಿಂತು ಕೇಳಿದಳು, “ಅಷ್ಟು ಜನದ ನಡುವೆ ಸ್ಕೂಲು ಮಕ್ಕಳ ಥರ ಯಾಕ್ರೀ ಕೈ ಎತ್ತಿದ್ರಿ?”

“ಕೇಳ್ದ, ಹೇಳ್ದೆ” ಅಂದೆ.

ದೇವಯ್ಯ